ಬಾಲದ ಬಗ್ಗೆ ಕ್ರಮ ಕೈಗೊಳ್ಳಲಾಗಿದೆ

ನೀರು ಸರಬರಾಜು ಕಚೇರಿಯ ಗುಮಾಸ್ತ ಹನ್ನೊಂದು ವರ್ಷಗಳಿಂದ ಹಂಗಾಮಿಯಾಗಿಯೇ ಇದ್ದ. ಅಷ್ಟು ವರ್ಷಗಳಲ್ಲಿ ಅವನು ಕಲಿತ ವಿದ್ಯೆ ಒಂದೇ. ಯಾವ ದೂರು ಬಂದರೂ ಮೊದಲು ಅದರ ಅಂಚಿನಲ್ಲಿ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯುವುದು, ಕ್ರಮವನ್ನು ಆಮೇಲೆ ಪುರುಸೊತ್ತಾದಾಗ ಕೈಗೊಳ್ಳುವುದು. ಇದು ಅವನೊಬ್ಬನ ಕೈಚಳಕವಲ್ಲ, ಇಡೀ ಕಚೇರಿಯ ಪದ್ಧತಿ. ಅಂಚೆ ಕಚೇರಿಯ ಮುಂದಿನ ಒಡೆದ ಪೈಪಿನ ಬಗ್ಗೆ ಹೀಗೆ ಏಳು ಸಲ ಕ್ರಮ ಕೈಗೊಂಡಾಗಿತ್ತು. ಪೈಪು ಸೋರಿ ಸೋರಿ ಅಲ್ಲೊಂದು ಕೊಳವಾಗಿ, ಈಚೆಗೆ ಬಾತುಕೋಳಿಗಳೂ ಬಂದು ಇಳಿಯುತ್ತಿದ್ದವು.

ಕಚೇರಿಯ ದೊಡ್ಡ ಸಾಹೇಬರು ಶುದ್ಧ ತಳಿ ಶ್ವಾನ ಸಂಘದ ಅಧ್ಯಕ್ಷರೂ ಹೌದು. ಸಂಘಕ್ಕೆ ಇದ್ದವರು ಎಂಟೇ ಸದಸ್ಯರಾದರೂ ನಿಯಮಗಳು ಎಂಬತ್ತಿದ್ದವು. ಅವುಗಳಲ್ಲಿ ಮೊದಲನೆಯದು: ನಾಯಿಯ ಬಾಲ ಎರಡು ಬೆರಳಿಗಿಂತ ಉದ್ದ ಇರಕೂಡದು. ದೇವರು ಕೊಟ್ಟ ಬಾಲದಲ್ಲಿ ಅಷ್ಟು ಬಿಟ್ಟು ಉಳಿದದ್ದನ್ನು ಯಾಕೆ ಕತ್ತರಿಸಬೇಕು ಎಂದು ಯಾರಾದರೂ ಕೇಳಿದರೆ ಸಾಹೇಬರು ಕನಿಕರದಿಂದ ನಕ್ಕು, "ಅದು ಲಕ್ಷಣ ಕಣ್ರೀ" ಎನ್ನುತ್ತಿದ್ದರು. ಅವರ ಹೆಣ್ಣುನಾಯಿ ಮಹಾರಾಣಿ ಸದಾ ಕೆಂಪು ಮಖಮಲ್ಲಿನ ಕೋಟು ಹಾಕಿಕೊಂಡೇ ಓಡಾಡುತ್ತಿತ್ತು. ಕೋಟಿನ ಹಿಂದೆ ಎರಡು ಬೆರಳಿನ ಮೋಟು ಬಾಲ ಇಣುಕುತ್ತಿತ್ತು. ಸುಡುಬಿಸಿಲಲ್ಲೂ ಕೋಟು ಯಾಕೆಂದರೆ, ಶೀತದ ಮೈಯಂತೆ. ಕ್ರಮೇಣ ಉಳಿದ ಏಳು ಸದಸ್ಯರ ನಾಯಿಗಳಿಗೂ ಶೀತದ ಮೈಯಾಗಿ, ಅವಕ್ಕೂ ಕೋಟು ಬಂದಿತ್ತು.

ಒಂಬತ್ತು ತಿಂಗಳ ಹಿಂದೆ ಸಾಹೇಬರು ಮಹಾರಾಣಿಯ ಮರಿಯೊಂದನ್ನು ಗುಮಾಸ್ತನಿಗೆ ದಯಪಾಲಿಸಿದರು.

"ಕೆಲಸದ ಗಡಿಬಿಡೀಲಿ ಇದರ ಬಾಲ ಹಾಗೇ ಉಳಿದುಬಿಟ್ಟಿದೆ. ನೀವೇ ಕತ್ತರಿಸಿಬಿಡಿ" ಎಂದರು.

"ಆಯ್ತು ಸಾರ್."

ಮನೆಗೆ ಬಂದು ಗುಮಾಸ್ತ ಬಾಲಕ್ಕೆ ಕೈ ಹಾಕಿದ್ದೇನೋ ನಿಜ. ಮರಿ ತಿರುಗಿ ಅವನ ಹೆಬ್ಬೆರಳನ್ನು ನೆಕ್ಕಿತು. ಆ ಕಡತ ಅಲ್ಲಿಗೆ ಮುಚ್ಚಿತು. ಮರುದಿನ ಸಾಹೇಬರು "ಬಾಲದ ವಿಷಯ ಏನಾಯ್ತ್ರೀ?" ಎಂದಾಗ ಅವನ ಬಾಯಿಂದ ಅಭ್ಯಾಸಬಲದಿಂದ "ಕ್ರಮ ಕೈಗೊಳ್ಳಲಾಗಿದೆ ಸಾರ್" ಎಂದು ಬಂದುಬಿಟ್ಟಿತು. ಸಾಹೇಬರು ಅವನನ್ನು ಒಂದು ಗಳಿಗೆ ವಿಚಿತ್ರವಾಗಿ ನೋಡಿ, "ಗಟ್ಟಿ ಗುಂಡಿಗೆ ನಿಮ್ದು" ಎಂದು ಕಡತಕ್ಕೆ ತಲೆ ಬಗ್ಗಿಸಿದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸಾಹೇಬರ ಫೋನು ಬಂತು.

"ಸಾಯಂಕಾಲ ನಾಲ್ಕು ಗಂಟೆಗೆ ನಿಮ್ಮನೆಗೆ ಬರ್ತೀನಿ. ಮಹಾರಾಣಿಗೂ ಮಗನ್ನ ನೋಡಿದ ಹಾಗಾಗುತ್ತೆ. ನಿಮ್ಮ ಕಾಯಂ ಆರ್ಡರು ನನ್ನ ಮೇಜಿನ ಮೇಲಿದೆ, ನಾಳೆ ಸಹಿ ಹಾಕೋಣಾಂತ. ಹೇಳಿದ್ದನ್ನ ಮಾಡೋ ಮನುಷ್ಯರು ಬೇಕು ಕಣ್ರೀ ನಮಗೆ."

ಫೋನಿಟ್ಟ ಗುಮಾಸ್ತ ಮರಿಯ ಕಡೆ ತಿರುಗಿದ. ಒಂಬತ್ತು ತಿಂಗಳಲ್ಲಿ ಮರಿ ಕರುವಿನಷ್ಟಾಗಿತ್ತು, ಹೆಸರು ಮಾತ್ರ ಮರಿ ಎಂದೇ ಉಳಿದಿತ್ತು. ಬಾಲವೂ ಹಿಂದೆ ಬಿದ್ದಿರಲಿಲ್ಲ. ಯಜಮಾನ ತನ್ನನ್ನೇ ನೋಡುತ್ತಿದ್ದಾನೆಂಬ ಸಂತೋಷದಲ್ಲಿ ಮರಿ ಅದನ್ನೊಮ್ಮೆ ಬೀಸಿತು. ಸ್ಟೂಲಿನ ಮೇಲಿದ್ದ ಚಹಾದ ಲೋಟ ಗೋಡೆಗೆ ಹಾರಿತು.

ಸದ್ದು ಕೇಳಿ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಬೆತ್ತ ಹಿಡಿದು ಬಂದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಬೆತ್ತಕ್ಕೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಊರಿನ ಅರ್ಧ ಗಂಡಸರ ಮೇಲೆ ಆಡಿದ ಬೆತ್ತ ಅದು, ಗುಮಾಸ್ತನೂ ಅದರ ರುಚಿ ನೋಡಿದವನೇ.

"ನಾಯಿ ಪಳಗಿಸೋ ರೀತಿ ಇದಲ್ಲ ಕಣೋ. ಒಳಗೆ ಮುಳ್ಳಿರೋ ಪಟ್ಟಿ ಹಾಕಿ ಒಂದು ಸಲ ಜಗ್ಗಬೇಕು. ಭಯ ಇಲ್ಲದೆ ಶಿಸ್ತಿಲ್ಲ. ನೋಡ್ತಿರು" ಎಂದು ಮೇಷ್ಟ್ರು ಬೆತ್ತವನ್ನು ನೆಲಕ್ಕೆ ಬಡಿದು ಅಬ್ಬರಿಸಿದರು: "ಕೂತ್ಕೋ!"

ಗುಮಾಸ್ತ ತಟ್ಟನೆ ನೆಲದ ಮೇಲೆ ಕೂತ. ಮರಿ ನಿಂತೇ ಇತ್ತು. ಬಾಲವನ್ನು ಹೊಟ್ಟೆಯ ಅಡಿಗೆ ಮುದುರಿಕೊಂಡು ಮೇಷ್ಟ್ರನ್ನೂ ಯಜಮಾನನನ್ನೂ ಸರದಿಯ ಮೇಲೆ ನೋಡಿತು.

ಒಳಗಿನಿಂದ ಗುಮಾಸ್ತನ ಹೆಂಡತಿ ಬಂದಳು. ಕೈಯಲ್ಲೊಂದು ಬಿಸ್ಕತ್ತಿತ್ತು. "ಮರಿ, ಕೂತ್ಕೋ" ಎಂದು ಮೆಲ್ಲಗೆ ಹೇಳಿದಳು. ಮರಿ ಕೂತಿತು, ಬಿಸ್ಕತ್ತು ತಿಂದಿತು.

"ಇದು ಲಂಚ!" ಎಂದರು ಮೇಷ್ಟ್ರು.

"ಇರಲಿ ಬಿಡಿ ಮೇಷ್ಟ್ರೇ. ನಾನು ಕಲಿಸಿದ್ದು ಹೇಳಿದ ಮಾತು ಕೇಳುತ್ತೆ. ನೀವು ಕಲಿಸಿದ್ದು ಬರೀ ‘ಆಯ್ತು ಸಾರ್’ ಅನ್ನುತ್ತೆ. ರೀ, ಏಳಿ ಮೇಲೆ."

ಗುಮಾಸ್ತ ಎದ್ದು ಧೂಳು ಕೊಡವಿಕೊಂಡು ಇಬ್ಬರಿಗೂ ವಿಷಯ ತಿಳಿಸಿದ. ಮೇಷ್ಟ್ರು ಹೊಸ ಹುರುಪಿನಿಂದ, "ಕೊಡಲಿ ನಮ್ಮನೇಲಿದೆ. ಒಂದೇ ಏಟು" ಎಂದರು. ಹೆಂಡತಿ, "ಬಾಲಕ್ಕೆ ಕೊಡಲಿ ಮುಟ್ಟಿಸಿದ್ರೆ ಈಗಿಂದೀಗಲೇ ತವರಿಗೆ ಹೋಗ್ತೀನಿ, ಮರೀನೂ ಕರ್ಕೊಂಡು" ಎಂದಳು. ಅವಳು ಒಬ್ಬಳೇ ಹೋಗುವುದಾಗಿದ್ದರೆ ವಾರದೊಳಗೆ ಬರುತ್ತಾಳೆ ಎನ್ನಬಹುದಿತ್ತು. ಮರಿಯೂ ಹೋಗುತ್ತದೆ ಎಂದ ಮೇಲೆ ಮಾತು ಗಂಭೀರ ಎಂದು ಗುಮಾಸ್ತನಿಗೆ ಗೊತ್ತಾಯಿತು.

ಅವನು ಮರಿಯನ್ನು ಎಳೆದುಕೊಂಡು ಪಶುವೈದ್ಯೆಯ ಬಳಿಗೆ ಓಡಿದ. ಡಾಕ್ಟರಮ್ಮ ಬೆಕ್ಕೊಂದಕ್ಕೆ ಚುಚ್ಚುಮದ್ದು ಕೊಡುತ್ತಿದ್ದವರು ಇವನ ಕತೆಯನ್ನೆಲ್ಲ ಕೇಳಿ ಸಿರಿಂಜು ಕೆಳಗಿಟ್ಟರು.

"ಇದಕ್ಕೇನು ಬಾಲದಲ್ಲಿ ಗಾಯವೇ? ಹುಣ್ಣೇ?"

"ಇಲ್ಲ ಡಾಕ್ಟರಮ್ಮ. ಲಕ್ಷಣಕ್ಕೆ."

"ಯಾರ ಲಕ್ಷಣಕ್ಕೆ? ಬಾಲ ಅಂದ್ರೆ ಬೆನ್ನುಮೂಳೆಯ ತುದಿ ಕಣ್ರೀ, ಅಲಂಕಾರಕ್ಕೆ ಕಟ್ಟಿದ ಕುಚ್ಚಲ್ಲ. ಇದು ಮಾತಾಡೋದೇ ಬಾಲದಲ್ಲಿ. ಎಳೇ ಮರಿಗೆ ಕತ್ತರಿಸಿದ್ರೆ ನೋಯಲ್ಲ ಅಂತಾರಲ್ಲ, ನೋಯುತ್ತೆ. ನೋಯಿತು ಅಂತ ಅರ್ಜಿ ಬರೆಯೋಕೆ ಅದಕ್ಕೆ ಬರಲ್ಲ, ಅಷ್ಟೆ. ನಾಳೆ ನಿಮ್ಮ ಸಾಹೇಬರು ಮೂಗು ಕತ್ತರಿಸ್ಕೊಂಡು ಬಾ ಅಂದ್ರೆ ಏನು ಮಾಡ್ತೀರಿ?"

ಮೊದಲು ‘ಆಯ್ತು ಸಾರ್’ ಎನ್ನುತ್ತೇನೆಂಬುದು ಗುಮಾಸ್ತನಿಗೆ ಗೊತ್ತಿತ್ತು, ಆಮೇಲೆ ಏನು ಮಾಡುತ್ತೇನೆಂಬುದೇ ಹೊಳೆಯಲಿಲ್ಲ. ಡಾಕ್ಟರಮ್ಮ ಬಾಗಿಲು ತೋರಿಸಿದರು. ಹೊರಗೆ ಬಂದಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ನಾಲ್ಕು ಗಂಟೆಯ ಭಯ ದೊಡ್ಡದಾಗಿತ್ತು.

ದಾರಿಯಲ್ಲಿ, ಅವನ ಮನೆಯ ಬೀದಿಯ ಕೊನೆಯಲ್ಲೇ, ದರ್ಜಿಯ ಅಂಗಡಿ ತೆರೆದಿತ್ತು. ಭಾನುವಾರವೂ ತೆರೆದಿರುವ ಅಂಗಡಿಯೆಂದರೆ ಅದೊಂದೇ. ದರ್ಜಿ ಕನ್ನಡಕದ ಮೇಲಿನಿಂದ ಮೊದಲು ಮರಿಯ ಬಾಲವನ್ನೂ ಆಮೇಲೆ ಗುಮಾಸ್ತನ ಮುಖವನ್ನೂ ನೋಡಿದ.

"ಕೋಟು ಬೇಕಾ ಸ್ವಾಮಿ?"

"ಅಯ್ಯೋ, ನಾನಿನ್ನೂ ಏನೂ ಹೇಳಲೇ ಇಲ್ಲವಲ್ಲ!"

"ಹೇಳೋದೇನು ಬಂತು? ಬಾಲ ಬೆನ್ನ ಮೇಲೆ ಮಡಚಿ ಒಂದು ಪಟ್ಟಿ ಕಟ್ಟೋದು, ಮೇಲೆ ಕೋಟು. ಹಿಂದೆ ಮಖಮಲ್ಲಿನಲ್ಲಿ ಹತ್ತಿ ತುಂಬಿ ಎರಡು ಬೆರಳಿನ ಮೋಟು ಹೊಲೀತೀನಿ. ಅಳತೇನೂ ಬೇಡ, ನನ್ನ ಹತ್ರ ಇದೆ. ಇಂಥವು ಎಂಟು ಹೊಲಿದಿದ್ದೀನಿ."

"ಎಂಟು? ಯಾರಿಗೆ?"

"ಗಿರಾಕಿ ಗುಟ್ಟು ಸ್ವಾಮಿ" ಎಂದು ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡ.

ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕರೆ ಅದು ಯಾರ ಹಗ್ಗವೆಂದು ಕೇಳುವ ವ್ಯವಧಾನ ಎಲ್ಲಿ? ಮೂರು ಗಂಟೆಗೆ ಕೋಟು ಸಿದ್ಧವಾಯಿತು. ದರ್ಜಿಯೇ ಮನೆಗೆ ಬಂದು ತೊಡಿಸಿದ. ಮೋಟು ಎಷ್ಟು ಚೆನ್ನಾಗಿತ್ತೆಂದರೆ, ಮರಿಯೇ ತಿರುಗಿ ತಿರುಗಿ ಅದನ್ನು ಮೂಸಿ ನೋಡಿತು.

"ಒಂದೇ ಒಂದು ಎಚ್ಚರಿಕೆ" ಎಂದ ದರ್ಜಿ. "ನಾಯಿ ಖುಷಿಯಾಗಿರಬಾರದು. ಖುಷಿಯಾದ್ರೆ ಹೊಲಿಗೆಗೆ ನಾನು ಜವಾಬ್ದಾರನಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಹೆಂಡತಿ ಒಳಗಿನಿಂದ ಬಂದದ್ದೇ ತಡ, ಕೋಟಿನೊಳಗೆ ಧಬ್ ಧಬ್ ಎಂದು ಯಾರೋ ಹಾಸಿಗೆ ಕೊಡವಿದಂತೆ ಸದ್ದಾಯಿತು. ಬೆನ್ನ ಮೇಲಿನ ಮಖಮಲ್ಲು ಅಲೆ ಅಲೆಯಾಗಿ ಏಳತೊಡಗಿತು. ಇನ್ನೊಂದು ಗಂಟೆ ಯಾರೂ ಮರಿಯನ್ನು ನೋಡಿ ನಗಬಾರದು, ಹೆಸರು ಹಿಡಿದು ಕರೆಯಬಾರದು, ಬಿಸ್ಕತ್ತಿನ ಡಬ್ಬ ಅಲ್ಲಾಡಿಸಬಾರದು ಎಂದು ಗುಮಾಸ್ತನ ಕಟ್ಟಪ್ಪಣೆಯಾಯಿತು. ಡ್ರಿಲ್ ಮೇಷ್ಟ್ರನ್ನು ಮುಖ ಗಂಟಿಕ್ಕಿಕೊಂಡಿರಲು ಹೇಳಿ ಅದರ ಎದುರಿಗೆ ನಿಲ್ಲಿಸಲಾಯಿತು. ಇದಕ್ಕಾಗಿ ಅವರೇನೂ ಹೆಚ್ಚು ಶ್ರಮಪಡಬೇಕಾಗಲಿಲ್ಲ.

ಮರಿಗೆ ತನ್ನಿಂದ ಏನು ತಪ್ಪಾಯಿತೆಂದು ತಿಳಿಯಲಿಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ ಮುಖ ನೋಡಿತು. ಎಲ್ಲರೂ ಮುಖ ತಿರುಗಿಸಿದರು. ಕೊನೆಗೆ ಮೂಲೆಯಲ್ಲಿ ಗದ್ದವನ್ನು ನೆಲಕ್ಕೆ ಇಟ್ಟು ಮಲಗಿತು. ಹೆಂಡತಿಗೆ ತಡೆಯಲಾಗಲಿಲ್ಲ.

"ಪ್ರಾಣಿ ಸಂತೋಷಾನ ಮುಚ್ಚಿಡೋಕೆ ಕೋಟು ಹೊಲಿಸಿದ ಮನೆ ಪ್ರಪಂಚದಲ್ಲಿ ನಮ್ಮದೊಂದೇ ಕಣ್ರೀ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಾಳೆ ಒಂದು ಸಹಿ ಬೀಳಲಿ ಮಾರಾಯ್ತಿ. ಆಮೇಲೆ ನಾನೇ ಅದರ ಕಾಲಿಗೆ ಬೀಳ್ತೀನಿ" ಎಂದ ಗುಮಾಸ್ತ.

ಸರಿಯಾಗಿ ನಾಲ್ಕಕ್ಕೆ ಕಾರು ಬಂತು. ಮೊದಲು ಸಾಹೇಬರು ಇಳಿದರು, ಹಿಂದೆ ಕೆಂಪು ಕೋಟಿನ ಮಹಾರಾಣಿ. ಗುಮಾಸ್ತ ಮರಿಯನ್ನು ಅಂಗಳಕ್ಕೆ ಕರೆತಂದ. ಸಾಹೇಬರು ಅದರ ಸುತ್ತ ಒಂದು ಸುತ್ತು ಬಂದು ಬಗ್ಗಿ ಮೋಟನ್ನು ನೋಡಿದರು.

"ಎರಡೇ ಬೆರಳು! ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದ್ದೀರಿ. ಕೋಟು ಯಾಕೆ?"

"ಶೀತದ ಮೈ ಸಾರ್."

"ಹ್ಞಾ, ಅಮ್ಮನ ಹಾಗೇ" ಎಂದು ಸಾಹೇಬರು ಕೈ ಚಾಚಿದರು.

"ಅಲ್ಲಿ ಮುಟ್ಟಬೇಡಿ ಸಾರ್, ಕಚ್ಚುತ್ತೆ!"

ಸಾಹೇಬರು ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು. "ಗೊತ್ತು ಗೊತ್ತು, ಮಹಾರಾಣೀನೂ ಅಲ್ಲಿ ಮುಟ್ಟಿಸಿಕೊಳ್ಳಲ್ಲ" ಎಂದು ಅವಸರವಾಗಿ ಹೇಳಿದರು. ಗುಮಾಸ್ತನಿಗೆ ಜೀವ ಬಂದಂತಾಯಿತು. ಗಂಡಾಂತರ ಕಳೆಯಿತು, ಇನ್ನು ಚಹಾ ಕುಡಿಸಿ ಕಳಿಸಿದರೆ ಮುಗಿಯಿತು ಎಂದುಕೊಂಡ.

ಅಷ್ಟರಲ್ಲಿ ಮಹಾರಾಣಿ ಮರಿಯ ಮೂತಿ ಮೂಸಿತು. ಮರಿ ಮಹಾರಾಣಿಯ ಕಿವಿ ಮೂಸಿತು. ಒಂಬತ್ತು ತಿಂಗಳ ಹಿಂದಿನ ವಾಸನೆಯ ಗುರುತು ಸಿಕ್ಕಿತೆಂದು ಕಾಣುತ್ತದೆ. ಧಬ್! ಮರಿಯ ಕೋಟು ಎದ್ದಿತು. ಗುಮಾಸ್ತ ಸದ್ದು ಮುಚ್ಚಲು ಜೋರಾಗಿ ಕೆಮ್ಮಿದ. ಮತ್ತೆ ಧಬ್ ಧಬ್ ಕೇಳಿತು. ಆದರೆ ಈ ಸಲ ಸದ್ದು ಮರಿಯ ಕಡೆಯಿಂದ ಬರಲಿಲ್ಲ. ಸಾಹೇಬರೂ ಕೆಮ್ಮತೊಡಗಿದ್ದರು, ಇವನಿಗಿಂತ ಜೋರಾಗಿ.

ನೋಡನೋಡುತ್ತ ತಾಯಿ ಮಗ ಇಬ್ಬರೂ ಅಂಗಳದ ತುಂಬ ಕುಣಿಯತೊಡಗಿದರು. ಕೋಟಿನ ಗುಂಡಿಗಳು ಹಾರಿದವು. ಗೇಟಿನ ಬಳಿ ಇದ್ದ ಡ್ರಿಲ್ ಮೇಷ್ಟ್ರಿಗೆ ಇಷ್ಟು ಅಶಿಸ್ತನ್ನು ಸಹಿಸಿ ಅಭ್ಯಾಸವಿರಲಿಲ್ಲ. ಬೆತ್ತ ಎತ್ತಿ ಬೀದಿಯೇ ನಡುಗುವಂತೆ ಅಬ್ಬರಿಸಿದರು:

"ಕೂತ್ಕೋ!"

ಗುಮಾಸ್ತ ಕೂತ. ಅವನ ಪಕ್ಕದಲ್ಲೇ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಮಣ್ಣಿನ ಮೇಲೆ, ಸಾಹೇಬರೂ ಕೂತರು. ನಾಯಿಗಳು ಮಾತ್ರ ಕೂರಲಿಲ್ಲ.

ಮೇಷ್ಟ್ರು ಹತ್ತಿರ ಬಂದು ಸಾಹೇಬರ ಮುಖವನ್ನು ದಿಟ್ಟಿಸಿದರು. "ಮೂರನೇ ಬೆಂಚು, ಗೋಡೆ ಪಕ್ಕ. ನೀನೇ ಅಲ್ವೇನೋ? ಓಡದೇನೆ ನಾಲ್ಕು ಸುತ್ತು ಓಡಿದೆ ಅಂತಿದ್ದೆಯಲ್ಲ!"

"ಹೌದು ಸಾರ್" ಎಂದರು ಸಾಹೇಬರು ಕೈಕಟ್ಟಿಕೊಂಡು.

ಪರ್ ಎಂದು ಎರಡು ಹೊಲಿಗೆಗಳು ಒಟ್ಟಿಗೇ ಬಿಚ್ಚಿದವು. ಎರಡು ಮೋಟುಗಳು ಸಾಹೇಬರ ಕಾಲ ಬಳಿ ಅಕ್ಕಪಕ್ಕದಲ್ಲಿ ಬಿದ್ದವು. ಒಂದೇ ಮಖಮಲ್ಲು, ಒಂದೇ ಹತ್ತಿ, ಒಂದೇ ಕೈಯ ಹೊಲಿಗೆ. ಅವುಗಳ ಮೇಲೆ ಎರಡು ಉದ್ದನೆಯ ಬಾಲಗಳು ಯಾರ ಅಪ್ಪಣೆಯನ್ನೂ ಕೇಳದೆ ಗಾಳಿಯಲ್ಲಿ ಬೀಸುತ್ತಿದ್ದವು. ಬಾಗಿಲ ಬಳಿ ನಿಂತು ನೋಡುತ್ತಿದ್ದ ದರ್ಜಿ ಆಗಲೇ ಬೀದಿಯ ಕೊನೆ ಮುಟ್ಟಿದ್ದ.

"ಸಾರ್, ದರ್ಜಿ ಎಂಟು ಹೊಲಿದಿದ್ದೀನಿ ಅಂದ..." ಎಂದ ಗುಮಾಸ್ತ ಮೆಲ್ಲಗೆ.

"ಎಂಟು?" ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. ತಾವು, ಸಂಘದ ಕಾರ್ಯದರ್ಶಿ, ಖಜಾಂಚಿ, ನಿಯಮವನ್ನು ಬರೆದ ಹಿರಿಯರು. ಎಂಟೂ ಬೆರಳು ಮುಗಿದವು. "ಹಾಗಾದ್ರೆ ಒಬ್ಬನೂ ಕತ್ತರಿಸಿಲ್ಲ! ಕಳ್ಳರು!"

"ಒಳ್ಳೇದೇ ಆಯ್ತಲ್ಲ ಸಾರ್" ಎಂದಳು ಹೆಂಡತಿ. "ಯಾರಿಗೂ ಮನಸ್ಸು ಬರಲಿಲ್ಲ. ಆ ನಿಯಮಾನೇ ತೆಗೆದುಬಿಡಿ. ಪಾಪ, ಬಿಸಿಲಲ್ಲಿ ಕೋಟು ಹಾಕ್ಕೊಂಡು ಬೇಯೋದಾದ್ರೂ ತಪ್ಪುತ್ತೆ."

"ತೆಗೆಯೋದಾ?" ಸಾಹೇಬರು ಎದ್ದು ನಿಂತರು. ಪ್ಯಾಂಟಿನ ಮಣ್ಣಿನ ಜೊತೆಗೆ ಮುಖದ ಸಂಕೋಚವೂ ಉದುರಿತು. "ಏನಮ್ಮಾ ಮಾತು! ನಿಯಮ ಹೋದ್ರೆ ಸಂಘ ಎಲ್ಲಿರುತ್ತೆ? ಸಂಘ ಇಲ್ಲದೆ ಅಧ್ಯಕ್ಷ ಎಲ್ಲಿರ್ತಾನೆ? ಮುಂದಿನ ವಾರ ಪ್ರದರ್ಶನ ಇದೆ. ಆ ದರ್ಜಿಗೆ ಹೇಳಿ, ಈ ಸಲ ಎರಡೆಳೆ ದಾರ ಹಾಕಲಿ."

ಮಹಾರಾಣಿಯನ್ನು ಮುದ್ದಾಡುತ್ತ, ಅದರ ಬಾಲವನ್ನು ಜೋಪಾನವಾಗಿ ತಮ್ಮ ಕೋಟಿನಡಿ ಮರೆಮಾಡಿಕೊಂಡು ಅವರು ಕಾರಿನತ್ತ ನಡೆದರು. ಗುಮಾಸ್ತ ಹಿಂದೆಯೇ ಓಡಿದ. ಅವನ ತಲೆಯಲ್ಲಿ ಈಗ ಬೇರೆ ಲೆಕ್ಕ ಓಡುತ್ತಿತ್ತು. ಸಾಹೇಬರ ಗುಟ್ಟು ತನ್ನ ಕೈಯಲ್ಲಿದೆ, ಇನ್ನು ಆರ್ಡರು ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಂದಿತ್ತು.

"ಸಾರ್, ನಾಳೆ ನನ್ನ ಆರ್ಡರು..."

ಸಾಹೇಬರು ಕಾರಿನ ಬಾಗಿಲು ಹಿಡಿದು ಯೋಚಿಸಿದರು. ಕಾಯಂ ಆದವನ ಬಾಯಿಗೆ ಬೀಗ ಹಾಕುವವರು ಯಾರು? ಹಂಗಾಮಿಯಾಗಿದ್ದರೆ ಅವನೇ ಹಾಕಿಕೊಂಡಿರುತ್ತಾನೆ. ಇದು ಅವರ ಕಣ್ಣಲ್ಲಿ ಬಂದು ಹೋದದ್ದನ್ನು ಗುಮಾಸ್ತ ಕಂಡ. ಅವರು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

"ಅದಕ್ಯಾಕ್ರೀ ಚಿಂತೆ? ನಿಮ್ಮ ಆರ್ಡರಿನ ಬಗ್ಗೆ ಕ್ರಮ ಕೈಗೊಳ್ಳಲಾಗಿದೆ."

"ಆಯ್ತು ಸಾರ್" ಎಂದಿತು ಗುಮಾಸ್ತನ ಬಾಯಿ.

ಕಾರು ಹೋಯಿತು. ಮರಿ ಬಂದು ಅವನ ಮೊಣಕಾಲಿಗೆ ಬಾಲದಿಂದ ಬಡಿಯುತ್ತ ನಿಂತಿತು. ಹೆಂಡತಿ ಆಸೆಯಿಂದ, "ಏನಂದ್ರು? ಆಗುತ್ತಂತಾ?" ಎಂದು ಕೇಳಿದಳು.

ಗುಮಾಸ್ತ ಅಂಚೆ ಕಚೇರಿಯ ಒಡೆದ ಪೈಪಿನ ದಿಕ್ಕಿಗೆ ನೋಡುತ್ತಲೇ ಹೇಳಿದ: "ಆಯ್ತು ಕಣೇ. ಇನ್ನೇನು, ಬಾತುಕೋಳಿ ಬಂದು ಇಳಿಯೋದೊಂದು ಬಾಕಿ."