ಬುಟ್ಟಿಗೆ ಹೆದರಿದ ಸರಕಾರಿ ವಕೀಲ

ಬೆಳಿಗ್ಗೆ ಏಳು ಗಂಟೆಗೇ ಯಾರಪ್ಪ ಬಾಗಿಲು ಬಡಿಯುವವರು ಎಂದು ಮಹಡಿಯ ಕಿಟಕಿಯಿಂದ ಇಣುಕಿದ ಫೆರ್ಮಿನ್ ಗರೇಕನಿಗೆ ಮೊದಲು ಕಂಡದ್ದು ಒಂದು ಬುಟ್ಟಿ. ಬುಟ್ಟಿಯ ತುಂಬ ರೊಟ್ಟಿ, ಚೀಸು, ಪೀಚ್ ಹಣ್ಣು, ಮೇಲೊಂದು ಕಾಗದದ ಬಾವುಟ. ಬಾವುಟದ ಹಿಂದೆ ಮೇಯರ್ ಬೆಲಿಸಾರಿಯೊ ತೊಲಾಬನ ಮೀಸೆ. ಮೀಸೆಯ ಹಿಂದೆ ಒಂದು ಡೋಲು, ಒಂದು ಪಿಟೀಲು.

"ಅಯ್ಯೋ, ಸತ್ತೆ!" ಎಂದು ಫೆರ್ಮಿನ್ ಕಿಟಕಿ ಮುಚ್ಚಿದ.

ಅಂದು ಕೊಂಪಾದ್ರೆ ಗುರುವಾರ. ಕಾರ್ನಿವಲ್ ಹಬ್ಬಕ್ಕೆ ಮುಂಚೆ ತರೀಹ ಕಣಿವೆಯ ಗಂಡಸರು ಬುಟ್ಟಿ ಹೊತ್ತು ಸ್ನೇಹ ಕಟ್ಟಿಕೊಳ್ಳುವ ದಿನ. ಬುಟ್ಟಿಗೆ ಕೈಯೊಡ್ಡಿ, ತಲೆಯ ಮೇಲೆ ಬಣ್ಣದ ಕಾಗದದ ಚೂರು ಬಿತ್ತೋ, ಮುಗಿಯಿತು. ಕೊಟ್ಟವನೂ ತೆಗೆದುಕೊಂಡವನೂ ಸಾಯುವವರೆಗೆ ಕೊಂಪಾದ್ರೆಗಳು, ಒಡಹುಟ್ಟಿದವರಿಗಿಂತ ಹೆಚ್ಚು. ಸರಕಾರಿ ವಕೀಲರ ಕಚೇರಿಯೂ ಇದನ್ನು ಒಪ್ಪಿಕೊಂಡು ನಿಯಮ ಮಾಡಿತ್ತು: ತನ್ನ ಕೊಂಪಾದ್ರೆ ಇರುವ ಕೇಸನ್ನು ಯಾವ ಸರಕಾರಿ ವಕೀಲನೂ ಮುಟ್ಟುವಂತಿಲ್ಲ.

ಫೆರ್ಮಿನ್‌ನ ಚೀಲದಲ್ಲಿದ್ದದ್ದು ಮೇಯರನ ಮೇಲಿನ ಕೇಸೇ. ಮೇಲಿನ ಕೇರಿಗೆ ಹೋಗಬೇಕಾದ ನೀರಿನ ಟ್ಯಾಂಕರು ಮೂರು ತಿಂಗಳಿಂದ ಮೇಯರನ ದ್ರಾಕ್ಷಿ ತೋಟಕ್ಕೆ ಹೋಗುತ್ತಿತ್ತು. ಸಂಜೆ ನಾಲ್ಕರೊಳಗೆ ಕೋರ್ಟಿಗೆ ಸಲ್ಲಿಸದಿದ್ದರೆ ಗಡುವು ಮುಗಿದು ಅದು ರದ್ದಿ ಕಾಗದ. ಹನ್ನೊಂದು ವರ್ಷದ ನೌಕರಿಯಲ್ಲಿ ಫೆರ್ಮಿನ್ ಮೂವರು ಮೇಯರುಗಳಿಗೆ "ತಾವು ಹೇಳಿದ ಹಾಗೆ ಸಾರ್" ಎಂದು ತಲೆಯಾಡಿಸಿದ್ದ. ಈ ಸಲ ಮಾತ್ರ, ತನ್ನ ಕಿಟಕಿಯ ಕೆಳಗೆ ಬಕೀಟು ಹಿಡಿದು ನಿಲ್ಲುವ ಮುದುಕಿಯರ ಸಾಲು ನೋಡಿ ನೋಡಿ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತ್ತು. ಬದುಕಿನಲ್ಲಿ ಒಂದೇ ಒಂದು ಸಲ ಯಾರ ಮಾತೂ ಕೇಳದೆ ಸರಿಯಾದದ್ದನ್ನು ಮಾಡಬೇಕು, ಅಷ್ಟೇ ಅವನ ಆಸೆ.

ಅಷ್ಟರಲ್ಲಿ ಮನೆಯೊಡತಿ ದೋನ್ಯಾ ನಿಯೆವೆಸ್ ಕೆಳಗೆ ಬಾಗಿಲು ತೆಗೆದೇಬಿಟ್ಟಳು.

"ಬನ್ನಿ ಮೇಯರ್ ಸಾಹೇಬ್ರೇ! ಏ ಫೆರ್ಮಿನ್, ಯಾರು ಬಂದಿದಾರೆ ನೋಡೋ! ನಿಂಗೆ ಬುಟ್ಟಿ ತಂದಿದಾರೆ!"

"ನಾನು ಮನೇಲಿಲ್ಲ!" ಎಂದು ಮೇಲಿಂದ ಫೆರ್ಮಿನ್ ಕೂಗಿದ.

"ಇಲ್ವಂತೆ ಸಾಹೇಬ್ರೇ," ಎಂದಳು ದೋನ್ಯಾ ನಿಯೆವೆಸ್. "ಅವನೇ ಹೇಳ್ತಿದಾನೆ."

ಮೇಯರ್ ನಗುತ್ತಾ ಮೆಟ್ಟಿಲು ಹತ್ತತೊಡಗಿದ. ಫೆರ್ಮಿನ್ ಚೀಲ ಹೆಗಲಿಗೇರಿಸಿ, ತಲೆಗೆ ಕಾಗದದ ಚೂರು ಬೀಳಬಾರದಲ್ಲ ಎಂದು ಗೋಡೆಗೆ ನೇತುಹಾಕಿದ್ದ ಮನೆಯೊಡತಿಯ ಕರಿ ಕೊಡೆಯನ್ನೂ ಎತ್ತಿಕೊಂಡು, ಹಿಂದಿನ ಕಿಟಕಿಯಿಂದ ಕೋಳಿಗೂಡಿನ ಮೇಲೆ ಹಾರಿದ. ಕೋಳಿಗಳಿಗೆ ಏನೂ ಆಗಲಿಲ್ಲ. ಪ್ಯಾಂಟು ಮಾತ್ರ ಮಂಡಿಯಿಂದ ಸೊಂಟದವರೆಗೆ ಹರಿಯಿತು.

ಕಚೇರಿಯಲ್ಲಿ ಅವನ ಕಿರಿಯ ವಕೀಲೆ ಸುಲೇಮ ಮೇಜಿನ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು.

"ಇದೇನ್ ಸಾರ್ ಅವತಾರ? ಮಳೆ ಮುಖ ನೋಡಿ ಮೂರು ತಿಂಗಳಾಯ್ತು, ನೀವ್ ನೋಡಿದ್ರೆ ಕೊಡೆ ಬಿಚ್ಕೊಂಡ್ ಬಂದಿದೀರ!"

"ಮೇಯರ್ ಬುಟ್ಟಿ ಹಿಡ್ಕೊಂಡು ಬೆನ್ನು ಬಿದ್ದಿದಾನೆ ಕಣಮ್ಮ!"

"ತಗೊಂಡ್ಬಿಡಿ ಸಾರ್, ಚೀಸಾದ್ರೂ ಸಿಗುತ್ತೆ. ನಮ್ಮಂಥೋರಿಗೆ ಯಾಕೆ ದೊಡ್ಡೋರ ತಂಟೆ? ಆ ಕೇಸು ನನ್ ಕೈಗೆ ಬಂದ್ರೆ ಕಣ್ಮುಚ್ಚಿ ವಾಪಸ್ ತಗೋತೀನಪ್ಪ."

"ನಾಚಿಕೆ ಆಗಲ್ವೇನಮ್ಮ ನಿಂಗೆ?"

"ಬೆಳಿಗ್ಗೆ ಆಗುತ್ತೆ ಸಾರ್. ಊಟದ ಹೊತ್ತಿಗೆ ಹೋಗ್ಬಿಡುತ್ತೆ."

ಬೀದಿಯಲ್ಲಿ ಡೋಲು ಕೇಳಿಸಿತು. ಫೆರ್ಮಿನ್ ಹಿಂಬಾಗಿಲಿಂದ ಮಾರುಕಟ್ಟೆಗೆ ನುಗ್ಗಿ, ಸಾಯ್ಸೆ ಎಂಬ ಖಾರದ ಮಾಂಸದ ಸಾರು ಮಾರುವ ದೋನ್ಯಾ ಪೆತ್ರೋನಳ ಮೇಜಿನ ಕೆಳಗೆ ತೂರಿಕೊಂಡ. ಪುಣ್ಯಾತ್ಗಿತ್ತಿ ಬಹಳ ಒಳ್ಳೆಯವಳು. ಯಾರಿಗೂ ಹೇಳುವುದಿಲ್ಲ ಎಂದು ಎದೆ ಮುಟ್ಟಿ ಆಣೆ ಮಾಡಿದಳು. ಮೇಯರ್ ಬಂದು ಅತ್ತಿತ್ತ ನೋಡುತ್ತಾ ನಿಂತಿದ್ದಾಗ, ಒಂದು ತಟ್ಟೆ ತುಂಬಿಸಿ ಕೆಳಗೆ ಬಗ್ಗಿ ಕೇಳಿದಳು:

"ಕೆಳಗಿರೋರಿಗೆ ಖಾರ ಜಾಸ್ತಿ ಹಾಕ್ಲಾ?"

ಮೇಯರನ ಮೀಸೆ ಮೇಜಿನ ಕೆಳಗೆ ಇಳಿಯಿತು. ಅವನ ಮುಷ್ಟಿಯ ತುಂಬ ಬಣ್ಣದ ಕಾಗದ. ಫೆರ್ಮಿನ್ ಕೂತಲ್ಲೇ ಕೊಡೆ ಬಿಚ್ಚಿದ. ಮೇಜು ಮೇಲೆದ್ದಿತು, ಪಾತ್ರೆ ಮಗುಚಿತು, ಸಾಯ್ಸೆಯೆಲ್ಲ ಅವನ ಹೆಗಲಿಗೇ ಬಿತ್ತು. ಉರಿಯೋ ಉರಿ! ಆದರೂ ಚೀಲ ತಬ್ಬಿಕೊಂಡು ಓಡಿದ.

"ಏನಯ್ಯಾ, ಪ್ರೀತಿಯಿಂದ ಕೊಡ್ತೀನಿ ಅಂದ್ರೆ ಹೀಗಾ ಓಡೋದು?" ಎಂದು ಮೇಯರ್ ಹಿಂದಿನಿಂದ ಕೂಗಿದ. "ಊರೆಲ್ಲಾ ನನ್ ಕೊಂಪಾದ್ರೆ! ನೀನೊಬ್ಬ ಏನು ಮೇಲಿಂದ ಇಳಿದು ಬಂದಿದೀಯಾ?"

ಆಮೇಲೆ ಡೋಲು ಕೇಳಿಸಲೇ ಇಲ್ಲ. ಮಧ್ಯಾಹ್ನವೆಲ್ಲ ಇಗರ್ಜಿಯ ಹಿಂದಿನ ಪೊದೆಯಲ್ಲಿ ಕೂತಿದ್ದ ಫೆರ್ಮಿನ್ ಮೂರೂಮುಕ್ಕಾಲಿಗೆ ಕೊಡೆ ಬಿಚ್ಚಿಕೊಂಡು ಕೋರ್ಟಿಗೆ ನಡೆದ. ಬೀದಿಯಲ್ಲಿ ಯಾರೂ ತಡೆಯಲಿಲ್ಲ. ಗುಮಾಸ್ತ ಕಾಗದ ಎಣಿಸಿ ದಪ್ಪೆಂದು ಮೊಹರು ಒತ್ತಿದ. ಆ ಸದ್ದು ಕೇಳಿ ಫೆರ್ಮಿನ್‌ಗೆ ಕುಣಿಯಬೇಕೆನಿಸಿತು. ಪ್ಯಾಂಟಿನ ಸ್ಥಿತಿ ನೆನಪಾಗಿ ಸುಮ್ಮನಾದ.

ಹೊರಗೆ ಮೆಟ್ಟಿಲ ಮೇಲೆ ಮುದುಕ ದೋನ್ ತಿಬುರ್ಸಿಯೊ ಕಾಯುತ್ತಿದ್ದ. ಮೇಲಿನ ಕೇರಿಯ ಚಪ್ಪಲಿ ಹೊಲಿಯುವವನು; ನೀರಿನ ದೂರಿನಲ್ಲಿ ಮೊದಲ ಹೆಬ್ಬೆಟ್ಟು ಅವನದೇ. ಕೈಯಲ್ಲೊಂದು ಬುಟ್ಟಿ, ಮೇಲೆ ಎಲೆ ಮುಚ್ಚಿತ್ತು.

"ಮಗಾ, ನಮ್ಮಂಥೋರ ಪರವಾಗಿ ಸರಕಾರದೋರು ನಿಂತಿದ್ದನ್ನ ಈ ಎಪ್ಪತ್ತು ವರ್ಷದಲ್ಲಿ ನಾನು ನೋಡಿರ್ಲಿಲ್ಲ," ಎಂದ ಮುದುಕ. "ಈ ಬಡವನ ಕೊಂಪಾದ್ರೆ ಆಗ್ತೀಯೇನಪ್ಪ?"

ಬೆಳಿಗ್ಗೆಯಿಂದ ಓಡಿ ಸುಸ್ತಾಗಿದ್ದ ಫೆರ್ಮಿನ್‌ಗೆ ಅಳುವೇ ಬಂದುಬಿಟ್ಟಿತು. ಕೊಡೆ ಮಡಿಸಿ ಮೆಟ್ಟಿಲ ಮೇಲಿಟ್ಟು ಬುಟ್ಟಿಗೆ ಎರಡೂ ಕೈಯೊಡ್ಡಿದ. ಮುದುಕ ಅವನ ತಲೆಯ ಮೇಲೆ ಬಣ್ಣದ ಕಾಗದ ಸುರಿದ. ಇಬ್ಬರೂ ತಬ್ಬಿಕೊಂಡರು. ಎಲೆ ಸರಿಸಿ ಫೆರ್ಮಿನ್ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ. ಆಹಾ, ಏನು ರಸ! ಕಪ್ಪಗೆ, ದಪ್ಪಗೆ, ನೀರು ಕುಡಿದು ಬಿರಿಯುವಂತಿತ್ತು.

ನೀರು ಕುಡಿದು?

"ದೋನ್ ತಿಬುರ್ಸಿಯೊ... ನಿಮ್ಮ ಕೇರೀಲಿ ಇಂಥ ದ್ರಾಕ್ಷಿ ಎಲ್ಲಿಂದ ಬಂತು?"

"ಮೇಯರ್ ಸಾಹೇಬ್ರು ಕೊಟ್ರಪ್ಪ! ಮಧ್ಯಾಹ್ನ ನನ್ ಅಂಗಡಿಗೇ ಬಂದಿದ್ರು. 'ನನ್ ಕೈಯಿಂದ ಅವನು ತಗೊಳಲ್ಲ, ಪಾಪ, ಹಬ್ಬದ ದಿನ ಬರಿಗೈಲಿ ಹೋಗ್ತಾನೆ, ನೀನೇ ಕೊಂಪಾದ್ರೆ ಮಾಡ್ಕೋ' ಅಂದ್ರು. ಇಷ್ಟು ಒಳ್ಳೆಯವರ ಮೇಲೆ ದೂರು ಕೊಟ್ಟು ತಪ್ಪು ಮಾಡಿದ್ವೇನೋ ಅಂತ ನಂಗೆ ಒಂಥರಾ ಆಗೋಯ್ತು."

ಕಂಬದ ಹಿಂದಿನಿಂದ ಮೀಸೆ ಹೊರಬಂತು. ಮೇಯರನ ಕೈಯಲ್ಲಿ ಮೊದಲೇ ಬರೆದಿಟ್ಟಿದ್ದ ಅರ್ಜಿ. ನ್ಯಾಯಾಧೀಶರ ಮುಂದೆ ನಿಂತು ಅದನ್ನು ಓದುವಾಗ ಅವನ ಕಣ್ಣು ಒದ್ದೆಯಾಗಿತ್ತು: "ದೂರು ಕೊಟ್ಟವನ ಕೊಂಪಾದ್ರೆಯೇ ಸರಕಾರಿ ವಕೀಲನಾದರೆ ನ್ಯಾಯ ಎಲ್ಲಿದೆ ಸ್ವಾಮಿ? ಸರಕಾರಿ ವಕೀಲರು ಯಾರ ಹಂಗಿಗೂ ಸಿಕ್ಕದೆ ಸ್ವತಂತ್ರವಾಗಿರಬೇಕು! ಇದಕ್ಕಾಗಿ ನಾನು ಪ್ರಾಣ ಬೇಕಾದರೂ ಕೊಡುತ್ತೇನೆ!"

ನ್ಯಾಯಾಧೀಶರು ನಿಯಮ ನೋಡಿದರು. ಫೆರ್ಮಿನ್‌ನ ತಲೆಯ ಮೇಲಿನ ಕಾಗದದ ಚೂರುಗಳನ್ನೂ ನೋಡಿದರು. ಕೇಸು ಸುಲೇಮಳಿಗೆ ಹೋಯಿತು.

ಸುಲೇಮ ಕಡತ ಬಗಲಿಗೆ ಸೇರಿಸಿಕೊಂಡು ಹೊರಬಂದಳು. ಮೇಯರ್ ಅವಳ ಹಿಂದೆಯೇ ಬಂದ.

"ಏನಮ್ಮಾ, ಕಣ್ಮುಚ್ಚಿ ವಾಪಸ್ ತಗೋತೀನಿ ಅಂತ ಹೇಳಿದ್ಯಂತೆ? ಜಾಣೆ!"

ಅವಳು ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತಿದ್ದ ಫೆರ್ಮಿನ್‌ನ ಹರಿದ ಪ್ಯಾಂಟು, ಹೆಗಲ ಮೇಲೆ ಒಣಗಿದ ಸಾಯ್ಸೆ, ಪೆಚ್ಚು ಮುಖ ಇಷ್ಟನ್ನೂ ಬಹಳ ಹೊತ್ತು ನೋಡಿದಳು. ಊಟದ ಹೊತ್ತು ಯಾವಾಗಲೋ ಮುಗಿದಿತ್ತು, ನಾಚಿಕೆ ಮಾತ್ರ ಹೋಗಿರಲಿಲ್ಲ.

"ಇನ್ನು ನಮಗೂ ನಿನಗೂ ಯಾವ ಜಗಳಾನೂ ಇಲ್ಲ ಬಿಡಯ್ಯ," ಎಂದು ಮೇಯರ್ ಜೇಬಿನಿಂದ ಒಂದು ಮುಷ್ಟಿ ಕಾಗದದ ಚೂರು ತೆಗೆದು ಫೆರ್ಮಿನ್‌ನ ತಲೆಗೆ ಎರಚಿದ. "ಹೇಗೂ ಬುಟ್ಟಿ ನಂದೇ. ಇವತ್ತಿಂದ ನೀನು ನನ್ ಕೊಂಪಾದ್ರೆ!"

ಪಕ್ಕದಲ್ಲಿ ಫಟ್ಟನೆ ಕೊಡೆ ಬಿಚ್ಚಿದ ಸದ್ದಾಯಿತು. ಫೆರ್ಮಿನ್ ಮೆಟ್ಟಿಲ ಮೇಲಿಟ್ಟಿದ್ದ ಕರಿ ಕೊಡೆ ಈಗ ಸುಲೇಮಳ ಕೈಯಲ್ಲಿತ್ತು.

"ಮೋಡ ಇಲ್ಲ, ಮಳೆ ಇಲ್ಲ, ಕೊಡೆ ಯಾಕಮ್ಮಾ?" ಎಂದ ಮೇಯರ್.

"ಅಭ್ಯಾಸ ಮಾಡ್ಕೋತಿದೀನಿ ಸಾರ್," ಎಂದಳು ಸುಲೇಮ. "ಮುಂದಿನ ಗುರುವಾರ ಹೆಂಗಸರ ಸರದಿ ಅಲ್ವಾ? ನಿಮ್ಮ ಮನೆಯೋರು ನಂಗೆ ಅಂತ ಆಗ್ಲೇ ಬುಟ್ಟಿ ಹೆಣೆಸ್ತಿದಾರಂತೆ."

ಕೊಡೆ ಬೀದಿ ದಾಟಿ ಹೋಯಿತು. ಮೇಯರ್ ಗಾಬರಿಯಿಂದ ಫೆರ್ಮಿನ್‌ನ ತೋಳು ಹಿಡಿದ.

"ಕೊಂಪಾದ್ರೆ, ಅವಳು ನಿನ್ ಮಾತು ಕೇಳ್ತಾಳೆ. ಸ್ವಲ್ಪ ಬುದ್ಧಿ ಹೇಳಪ್ಪ!"

"ಹೇಳಬಹುದಿತ್ತು ಕೊಂಪಾದ್ರೆ," ಎಂದ ಫೆರ್ಮಿನ್, "ಆದ್ರೆ ನಿಯಮ ಬಿಡಲ್ವಲ್ಲ. ನಿಮ್ಮ ಕೇಸು ನಾನು ಮುಟ್ಟೋ ಹಾಗಿಲ್ಲ."

ಕೈತಪ್ಪಿದ ಕೇಸು, ಹರಿದ ಪ್ಯಾಂಟು, ಮನೆಯೊಡತಿಗೆ ಕೊಡೆಯ ಲೆಕ್ಕ, ಸಾಯುವವರೆಗೆ ಬಿಡದ ಮೇಯರ್. ಪದ್ಧತಿಯಂತೆ ಮುಂದಿನ ವರ್ಷ ಅವನಿಗೆ ಬುಟ್ಟಿ ತಿರುಗಿ ಕೊಡಬೇಕಾದವನೂ ತಾನೇ. ಎಲ್ಲ ನೆನೆದು ನಿಟ್ಟುಸಿರುಬಿಟ್ಟು ಫೆರ್ಮಿನ್ ಇನ್ನೊಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡ. ಹಾಳಾದ್ದು, ಬಹಳ ಸಿಹಿಯಾಗಿತ್ತು.