ಹೊಟ್ಟೆಗೆ ಹಾಕುವ ಹೆಪ್ಪು

ಔಷಧಿಯ ಚೀಟಿ ಹಿಡಿದು ನಮ್ಮ ಕ್ಲಿನಿಕ್ಕಿನ ಮೆಟ್ಟಿಲಿಳಿದವರು ಮನೆ ತಲುಪುವಷ್ಟರಲ್ಲಿ, ಒಳಗೆ ಡಾಕ್ಟರು ಹೇಳಿದ ಮಾತು ಬೇರೆ ಏನೋ ಆಗಿಬಿಟ್ಟಿರುತ್ತದೆ. ಇದು ಒಂದೆರಡು ಸಲ ನಡೆದದ್ದಲ್ಲ. ನಾನು ಅಲ್ಲಿ ಆಯಾ ಆಗಿದ್ದ ಅಷ್ಟೂ ವರ್ಷ ನಡೆಯುತ್ತಲೇ ಇತ್ತು. ಅವುಗಳಲ್ಲಿ ಕೆಲವಕ್ಕೆ ನಾನೇ ಕಾರಣಳಾಗಿದ್ದೆ.

ಚಾಮರಾಜಪುರಂನ ಒಂದು ಹಳೆಯ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಡಾಕ್ಟರಮ್ಮನ ಕ್ಲಿನಿಕ್ಕು. ಬರುವವರಲ್ಲಿ ಹೆಂಗಸರು, ಮಕ್ಕಳು ಹೆಚ್ಚು. ಬೀದಿಯ ಹಿರಿಯರೂ ಬರುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿ ನೆಲ ಒರೆಸಲು, ಬಿಸಿನೀರು ಕಾಯಿಸಲು ಸೇರಿದೆ. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಕಾಯುವವರಿಗೆಂದು ಬೆಂಚಿನ ಮೇಲೆ ಇಡುತ್ತಿದ್ದ ವಾರಪತ್ರಿಕೆಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ಓದಿ, ಕಲಿತ ಅಕ್ಷರಗಳನ್ನು ಉಳಿಸಿಕೊಂಡೆ. ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಓದುವವರು ಮನ್ನಿಸಬೇಕು.

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಮುಂದೆ ಹೋದರೆ ಧೈರ್ಯ ಸಾಲದು. ಅಲ್ಲಿಗೆ ಬರುತ್ತಿದ್ದ ಎಷ್ಟೋ ಹೆಂಗಸರಿಗೆ ಇದ್ದ ಕಾಯಿಲೆ ನನಗೂ ಇತ್ತು. ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ, ಬಿಳಿ ಸೆರಗು, ಜೊತೆಗೆ ಏನು ತಿಂದರೂ ಹೊಟ್ಟೆಯುಬ್ಬರ. ಮೂರು ವರ್ಷದಿಂದ ಹಾಗೇ ಇತ್ತು. ಡಾಕ್ಟರಮ್ಮ ಹಸಿರು ಪರದೆಯ ಆಚೆ ಎರಡು ಮಾರು ದೂರದಲ್ಲಿ ಕುಳಿತಿರುತ್ತಿದ್ದರು. ಆ ಎರಡು ಮಾರನ್ನು ದಾಟಿ ನನ್ನ ಕಷ್ಟ ಹೇಳಲು ನನಗೆ ಆಗುತ್ತಿರಲಿಲ್ಲ.

೧. ಈಸ್ಟ್

ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಓದಿದವರು. ಕಾಯಿಲೆಯ ಹೆಸರು ಅವರ ಬಾಯಿಗೆ ಇಂಗ್ಲಿಷಿನಲ್ಲೇ ಬರುತ್ತಿತ್ತು. ಮೈಯೊಳಗೆ ಬೆಳೆಯುವ ಬೂಷ್ಟಿಗೆ ಅವರು ಈಸ್ಟ್ ಎನ್ನುತ್ತಿದ್ದರು. ಒಮ್ಮೆ ಒಬ್ಬ ಗೃಹಿಣಿಯನ್ನು ಪರೀಕ್ಷಿಸಿ, "ಈಸ್ಟ್ ಜಾಸ್ತಿ ಆಗಿದೆ ಕಣಮ್ಮ, ಕಡಿಮೆ ಮಾಡ್ಬೇಕು" ಎಂದು ಹೇಳಿ, ಮಾತ್ರೆ ಬರೆದು ಕಳುಹಿಸಿದರು. ಆಕೆ ಮನೆಗೆ ಹೋಗಿ ಅದನ್ನೇ ಯಜಮಾನರಿಗೆ ವರದಿ ಮಾಡಿದರು.

ಯಜಮಾನರು ಆಗಷ್ಟೇ ದಟ್ಟಗಳ್ಳಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಆಗ ಊರಿನಲ್ಲೆಲ್ಲ ವಾಸ್ತುವಿನ ಮಾತೇ ಮಾತು. ಮುಂದಿನ ವಾರ ಅವರು ಹೆಂಡತಿಯ ಜೊತೆ ಬಂದರು. ಕಂಕುಳಲ್ಲಿ ಮನೆಯ ನಕ್ಷೆಯ ಸುರುಳಿಯಿತ್ತು. ಅದನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹರಡಿ, ಒಂದು ತುದಿಗೆ ಬಿ.ಪಿ. ನೋಡುವ ಪೆಟ್ಟಿಗೆಯನ್ನು ಭಾರಕ್ಕೆ ಇಟ್ಟರು.

"ಡಾಕ್ಟ್ರೇ, ತಾವು ಹೇಳಿದ ಹಾಗೆ ಈಸ್ಟ್ ಕಡೆ ಎರಡಡಿ ಒಡೆಸಿದ್ದೀನಿ. ಸಾಕಾ? ಇನ್ನೂ ತೆಗೆದ್ರೆ ಅಡಿಗೆಮನೆ ಹೋಗುತ್ತೆ ಅಂತಾನೆ ಮೇಸ್ತ್ರಿ."

ಡಾಕ್ಟರಮ್ಮನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಗು ತಡೆದುಕೊಂಡು ಹೇಳಿದರು: "ಜಾಸ್ತಿ ಆಗಿರೋದು ಮನೇಲಲ್ಲ ರೀ, ನಿಮ್ಮ ಮನೆಯವರಲ್ಲಿ."

ಯಜಮಾನರು ಹೆಂಡತಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಇವಳು ಮಲಗೋದು ಈಸ್ಟ್‌ಗೆ ತಲೆ ಹಾಕ್ಕೊಂಡು. ಇವತ್ತಿಂದ ವೆಸ್ಟ್‌ಗೆ ತಿರುಗಿಸಿಬಿಡ್ಲಾ?"

೨. ಯಾರ ಮನೆಯದು

ಆ ನಕ್ಷೆ ಹೊರಗೆ ಹೋದ ಕೂಡಲೇ ಡಾಕ್ಟರಮ್ಮ ನನ್ನನ್ನು ಕರೆದರು. "ಇನ್ಮೇಲೆ ಚೀಟಿ ನಾನು ಬರೀತೀನಿ, ವಿವರ ನೀವು ಹೇಳಿ. ನಿಮ್ಮ ಮಾತು ಅವರಿಗೆ ಅರ್ಥ ಆಗುತ್ತೆ."

ಕಾಯಿಲೆ ಏನು, ಔಷಧಿ ಏನು ಎಂಬುದನ್ನು ಅವರು ನನಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಒಂದು ಮಾತ್ರೆ, ಒಳಗೆ ಬೆಳೆದಿರುವ ಬೂಷ್ಟನ್ನು ಸಾಯಿಸಲು. ಇನ್ನೊಂದು ಕ್ಯಾಪ್ಸೂಲು, ಅದರ ಒಳಗೆ ಬರಿಗಣ್ಣಿಗೆ ಕಾಣದ ಒಳ್ಳೆಯ ಜೀವಿಗಳು. ಅವು ಕರುಳಿನಲ್ಲಿ ಜಾಗ ಹಿಡಿದರೆ ಕೆಟ್ಟದ್ದಕ್ಕೆ ಜಾಗ ಕಡಿಮೆಯಾಗುತ್ತದೆ. ಎಲ್ಲರಿಗೂ ಇದರಿಂದಲೇ ವಾಸಿಯಾಗುತ್ತದೆಂದು ಹೇಳಲಾಗದು, ಆದರೆ ಹಲವರಿಗೆ ಅನುಕೂಲ. ಮೊದಲ ಮಾತ್ರೆಯನ್ನು ಮಾತ್ರ ಬಿಡುವಂತಿಲ್ಲ, ಎಂದರು. ನಾನು ಎಲ್ಲವನ್ನೂ ಗಮನವಿಟ್ಟು ಕೇಳಿದೆ. ಅರ್ಧ ರೋಗಿಗಳಿಗಾಗಿ ಕೇಳಿದೆ, ಅರ್ಧ ನನಗಾಗಿ.

ಮೊದಲು ಸಿಕ್ಕಿದವರು ಒಬ್ಬ ಹಿರಿಯ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಿನಲ್ಲಿ ಲಿಂಗದ ಕರಡಿಗೆ. ಮನೆಯವರದು ಬೆಲ್ಲದ ವ್ಯಾಪಾರ. ಕ್ಯಾಪ್ಸೂಲಿನಲ್ಲಿ ಜೀವ ಇದೆ ಎಂದೊಡನೆ ಅವರು ಅದನ್ನು ಮೇಜಿನ ಮೇಲೆ ಇಟ್ಟು ಕೈ ಒರೆಸಿಕೊಂಡರು.

"ಶಿವಶಿವಾ! ಜೀವ ಇರೋದನ್ನ ನುಂಗೋದಾ? ಮೊಟ್ಟೆ ಹಾಕಿದ ಕೇಕನ್ನೇ ಮುಟ್ಟದವಳು ನಾನು."

ನನ್ನ ಬಾಯಿಗೆ ಒಂದು ಮಾತು ಬಂದುಬಿಟ್ಟಿತು. "ಅವ್ವಾ, ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಂಗೇ ಇದು ಹೊಟ್ಟೆಗೆ ಹಾಕೋ ಹೆಪ್ಪು. ದಿನಾ ಮೊಸರು ಉಣ್ಣೋವಾಗ ಜೀವ ಅಂತ ನೋಡ್ತೀರಾ?"

ಅವರ ಮುಖ ತಿಳಿಯಾಯಿತು. ಕ್ಯಾಪ್ಸೂಲನ್ನು ಮತ್ತೆ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಧ್ವನಿ ತಗ್ಗಿಸಿ ಕೇಳಿದರು: "ಯಾರ ಮನೆ ಹೆಪ್ಪು ಇದು?"

ನಮ್ಮದು ಹಳ್ಳಿಯ ಹೊರಗಿನ ಕೇರಿಯಿಂದ ಬಂದ ಸಂಸಾರ. ನಮ್ಮ ಮನೆಯ ಹೆಪ್ಪನ್ನು ಕೇಳಿ ಪಡೆದವರನ್ನು ನಾನು ಎಂದೂ ಕಂಡಿರಲಿಲ್ಲ. "ಯಾರ ಮನೇದೂ ಅಲ್ಲ ಅವ್ವಾ, ಕಾರ್ಖಾನೇದು. ಮೆಷಿನ್ನು ಮಾಡೋದು" ಎಂದೆ.

"ಮೆಷಿನ್ನಾ?" ಅವರು ಸ್ವಲ್ಪ ಯೋಚಿಸಿದರು. "ಸರಿ ಬುಡು. ಮೆಷಿನ್ನು ದಿನಾ ಸ್ನಾನ ಮಾಡುತ್ತೆ ತಾನೆ?"

೩. ದೀಪ ಹಚ್ಚಿದ ಮೇಲೆ

ಹೆಪ್ಪು ಎಂಬ ಮಾತು ಎಲ್ಲರಿಗೂ ಹಿಡಿಸಿತು. ಜಯಲಕ್ಷ್ಮಿಪುರಂನಿಂದ ಬರುವವರೂ, "ಆ ಹೆಪ್ಪಿನ ಮಾತ್ರೆ ಬರ್ಕೊಡಿ" ಎಂದೇ ಕೇಳತೊಡಗಿದರು. ನಾನು ಒಳಗೊಳಗೇ ಬೀಗುತ್ತಿದ್ದೆ. ಹೀಗಿರುವಾಗ ಒಬ್ಬ ಹೊಸ ಸೊಸೆ, ಹದಿನೈದು ದಿನಕ್ಕೆ ಕೊಟ್ಟ ಕ್ಯಾಪ್ಸೂಲುಗಳಲ್ಲಿ ಸರಿಯಾಗಿ ಅರ್ಧವನ್ನು ಹಾಗೇ ವಾಪಸು ತಂದಳು. ಜೊತೆಯಲ್ಲಿ ಅತ್ತೆಯೂ ಇದ್ದರು.

"ಬೆಳಿಗ್ಗೇದು ತಗೊಂಡಿದ್ದೀನಿ. ಸಂಜೇದು ಅತ್ತೆ ಕೊಡ್ಲಿಲ್ಲ" ಎಂದಳು ಸೊಸೆ. ಔಷಧಿಯೆಲ್ಲ ಅತ್ತೆಯ ಬೀರುವಿನಲ್ಲಿರುತ್ತಿತ್ತು.

ಅತ್ತೆ ನನ್ನ ಕಡೆಗೆ ತಿರುಗಿದರು. "ನೀನೇ ಹೇಳು ಕಣಮ್ಮ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡ್ತಾರಾ ಯಾರಾದ್ರೂ? ಲಕ್ಷ್ಮೀನ ಬಾಗಿಲಾಚೆ ಕಳಿಸಿದ ಹಾಗಲ್ವಾ? ಪಕ್ಕದ ಮನೆಯವರು ಬಂದು ಬೇಡಿದ್ರೂ ಕೊಟ್ಟೋಳಲ್ಲ ನಾನು."

"ಮನೆಯೊಳಗೇ ಅಲ್ವಾ ಅತ್ತೆ ಕೊಡೋದು?" ಎಂದಳು ಸೊಸೆ, ಮೆತ್ತಗೆ.

"ನೀನು ನಮ್ಮನೆಗೆ ಬಂದು ಇನ್ನೂ ಎಂಟು ತಿಂಗಳು. ಒಳಗೋ ಹೊರಗೋ ಅನ್ನೋದನ್ನ ಆಮೇಲೆ ನೋಡೋಣ."

ತಪ್ಪು ನನ್ನದು. ಆ ಹುಡುಗಿಯ ತುರಿಕೆ ಇನ್ನೂ ಹಾಗೇ ಇತ್ತು. ಕುಳಿತಲ್ಲಿ ಕುಳಿತಿರಲಾಗದೆ ಅವಳು ಪಡುತ್ತಿದ್ದ ಪಾಡು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಇರಲಿಲ್ಲ. ನಾನು ಡಾಕ್ಟರಮ್ಮನ ಬಳಿಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. ಅತ್ತೆಯ ಜೊತೆ ವಾದಕ್ಕೂ ನಿಲ್ಲಲಿಲ್ಲ. ಚೀಟಿಯಲ್ಲಿ ಎರಡನೆಯ ಹೊತ್ತಿನದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲೇ, "ದೀಪ ಹಚ್ಚುವ ಮೊದಲು" ಎಂದು ಬರೆದುಕೊಟ್ಟರು.

ಹತ್ತು ನಿಮಿಷದಲ್ಲಿ ಮೂಲೆಯ ಮೆಡಿಕಲ್ ಸ್ಟೋರಿನವರ ಫೋನು ಬಂತು. "ಮೇಡಂ, ಊಟಕ್ಕೆ ಮುಂಚೆ ಗೊತ್ತು, ಊಟ ಆದ್ಮೇಲೆ ಗೊತ್ತು. ಇದ್ಯಾವುದು ಮೇಡಂ ದೀಪಕ್ಕೆ ಮುಂಚೆ? ಕರೆಂಟ್ ಹೋದ ದಿನ ಏನು ಮಾಡ್ಬೇಕು ಅಂತ ಹೇಳ್ಲಿ?"

೪. ಮೇಷ್ಟರು ಅಲುಗಾಡದೆ ಮಲಗಿದ್ದು

ಇನ್ನು ಮುಂದೆ ಹೆಪ್ಪು ಎನ್ನಬಾರದೆಂದು ನಾನು ನಿಶ್ಚಯಿಸಿದ್ದೆ. ಆದರೆ ಆಡಿದ ಮಾತು ಬೀದಿಯಲ್ಲೆಲ್ಲ ಹರಡಿ ಹೋಗಿತ್ತು.

ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಕೀವಿನ ಗಾಯಕ್ಕೆಂದು ಬಹಳ ದಿನ ಬಲವಾದ ಮಾತ್ರೆ ನುಂಗಿ, ಹೊಟ್ಟೆ ಕೆಡಿಸಿಕೊಂಡು ಬಂದಿದ್ದರು. ಡಾಕ್ಟರಮ್ಮ ಅವರಿಗೂ ಅದೇ ಕ್ಯಾಪ್ಸೂಲು ಬರೆದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮೇಷ್ಟರು ನನ್ನನ್ನು ಕೇಳಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದವರು ಹೇಳಿದ್ದನ್ನು ಕೇಳಿ, ತಲೆದೂಗಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಹೆಂಡತಿ ಏದುಸಿರು ಬಿಡುತ್ತ ಬಂದರು. "ಡಾಕ್ಟ್ರೇ, ಇವರು ಬೆಳಿಗ್ಗೆಯಿಂದ ಮಲಗಿದ ಕಡೆಯಿಂದ ಏಳ್ತಾನೇ ಇಲ್ಲ. ಕೈಕಾಲು ಆಡಿಸ್ತಿಲ್ಲ. ಮಾತಾಡ್ಸಿದ್ರೆ ತುಟಿ ಮಾತ್ರ ಅಲ್ಲಾಡುತ್ತೆ!"

ಡಾಕ್ಟರಮ್ಮ ಪೆಟ್ಟಿಗೆ ಹಿಡಿದು ಓಡಿದರು. ನಾನು ಹಿಂದೆಯೇ ಓಡಿದೆ. ನನ್ನ ಕ್ಯಾಪ್ಸೂಲಿನಿಂದ ಒಬ್ಬರ ಪ್ರಾಣಕ್ಕೇ ಬಂತೇನೋ ಎಂದು ದಾರಿಯುದ್ದಕ್ಕೂ ದೇವರನ್ನು ನೆನೆದೆ.

ಹೋಗಿ ನೋಡಿದರೆ ಏಪ್ರಿಲ್ ಬಿಸಿಲಿನಲ್ಲಿ ಮೇಷ್ಟರು ಕುತ್ತಿಗೆಯವರೆಗೆ ಎರಡು ಕಂಬಳಿ ಹೊದ್ದು ಅಂಗಾತ ಮಲಗಿದ್ದಾರೆ. ಮುಖದಲ್ಲಿ ಬೆವರು ಹರಿಯುತ್ತಿದೆ. ಡಾಕ್ಟರಮ್ಮ ನಾಡಿ ಹಿಡಿದರು. ನಾಡಿ ಚೆನ್ನಾಗಿತ್ತು.

"ಏನಾಯ್ತು ಮೇಷ್ಟ್ರೇ?"

ಮೇಷ್ಟರು ಕತ್ತು ತಿರುಗಿಸದೆ, ಕಣ್ಣು ಮಾತ್ರ ತಿರುಗಿಸಿ, ಪಿಸುಮಾತಿನಲ್ಲಿ ಉತ್ತರಿಸಿದರು: "ಎಂಟು ಗಂಟೆಗೆ ಹೆಪ್ಪು ಹಾಕಿದೆ. ಒಂದು ಲೋಟ ಉಗುರುಬೆಚ್ಚಗಿನ ಹಾಲೂ ಕುಡಿದೆ. ಪಾತ್ರೆ ಅಲ್ಲಾಡಿದ್ರೆ ಗಟ್ಟಿಯಾಗಲ್ಲವಲ್ಲ. ಬೆಚ್ಚಗೂ ಇರ್ಬೇಕು. ಮಧ್ಯಾಹ್ನ ಎರಡರವರೆಗೆ ದಯವಿಟ್ಟು ಯಾರೂ ಮುಟ್ಬೇಡಿ."

ಡಾಕ್ಟರಮ್ಮ ಗೋಡೆಯ ಕಡೆಗೆ ತಿರುಗಿ ನಿಂತರು. ಅವರ ಭುಜಗಳು ಕುಲುಕುತ್ತಿದ್ದವು. ಅಷ್ಟು ಹೊತ್ತು ಅಳುತ್ತಿದ್ದ ಮೇಷ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿದರು.

"ನೀವು ಹೋಗಿ ಡಾಕ್ಟ್ರೇ, ಪೇಷೆಂಟ್‌ಗಳು ಕಾಯ್ತಿರ್ತಾರೆ. ಕಡೆಗೋಲು ನನ್ನ ಹತ್ರ ಇದೆ."

೫. ಪಕ್ಕದ ಮನೆಯವಳು

ಮೇಷ್ಟರ ಮನೆಯಿಂದ ಹಿಂದಿರುಗುವಾಗ ಡಾಕ್ಟರಮ್ಮ ದಾರಿಯಲ್ಲಿ ಮತ್ತೆ ಮತ್ತೆ ನಗುತ್ತಿದ್ದರು. ಅವರು ಇಷ್ಟು ಸಲಿಗೆಯಿಂದ ಇದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಸ್ಥಿತಿಯೂ ಅಷ್ಟು ಹೊತ್ತಿಗೆ ಕೈಮೀರಿತ್ತು. ನಡೆಯಲೂ ಕಷ್ಟ, ಕೂರಲೂ ಕಷ್ಟ. ಜ್ವರ ಬಂದಾಗಲೆಲ್ಲ ಅಂಗಡಿಯಲ್ಲಿ ಕೇಳಿ ಬಲವಾದ ಮಾತ್ರೆಗಳನ್ನು ನುಂಗಿದ್ದೆ. ಅದರಿಂದ ಇನ್ನಷ್ಟು ಹೆಚ್ಚಿತ್ತು. ಊರಿಗೆಲ್ಲ ವಿವರ ಹೇಳುವ ನಾನು ನನ್ನದನ್ನು ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಪರದೆ ಸರಿಸಿ ಒಳಗೆ ಹೋದೆ. ಅಲ್ಲಿಯವರೆಗೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ವಾಕ್ಯ ಬೇರೆ, ಬಾಯಿಂದ ಬಂದದ್ದು ಬೇರೆ.

"ಅಮ್ಮಾ, ನಮ್ಮ ಪಕ್ಕದ ಮನೆಯವಳಿಗೆ ತುರಿಕೆಯಂತೆ. ಬಿಳಿ ಸೆರಗೂ ಹೋಗ್ತದಂತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಹೌದಾ? ಎಷ್ಟು ದಿನದಿಂದ?"

"ಮೂರು ವರ್ಷ."

"ಮೂರು ವರ್ಷವಾ! ಪಾಪ. ಕರ್ಕೊಂಡು ಬನ್ನಿ."

"ಅವಳಿಗೆ ನಾಚಿಕೆ ಅಮ್ಮ. ಸತ್ರೂ ಬರಲ್ಲ ಅಂತಾಳೆ."

"ಹೊಟ್ಟೆ ಉಬ್ಬರಿಸುತ್ತಾ ಅವಳಿಗೆ?"

"ಮಡಕೆ ಹಾಗೆ ಆಗ್ಬುಡ್ತದೆ ಅಮ್ಮ."

"ಈಗಲೂ ಉಬ್ಬರಿಸಿದೆಯಾ?"

"ಈಗ ಸ್ವಲ್ಪ ಪರವಾಗಿಲ್ಲ. ಬೆಳಿಗ್ಗೆ ಬರೀ ಗಂಜಿ ಕುಡಿದಿದ್ದಾಳೆ."

ಡಾಕ್ಟರಮ್ಮನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಮೇಜಿನ ಮೇಲಿದ್ದ ಟಾರ್ಚನ್ನು ಕೈಗೆತ್ತಿಕೊಂಡು ಎಂದಿನ ಧ್ವನಿಯಲ್ಲಿ ಹೇಳಿದರು: "ಸರಿ, ಎಲ್ಲಿ, ಅವಳ ನಾಲಗೆ ತೋರಿಸಿ ನೋಡೋಣ."

ನಾನು ನಾಲಗೆಯನ್ನು ಉದ್ದಕ್ಕೆ ಚಾಚಿದೆ.

ಚಾಚಿದ ಮೇಲೆ ನನಗೆ ಅರಿವಾಯಿತು. ಒಳಗೆ ಎಳೆದುಕೊಳ್ಳುವಂತೆಯೂ ಇಲ್ಲ, ಹೊರಗೆ ಬಿಡುವಂತೆಯೂ ಇಲ್ಲ. ಕಣ್ಣಲ್ಲಿ ನೀರು ತುಂಬಿತು. ಡಾಕ್ಟರಮ್ಮ ಟಾರ್ಚು ಹಾಕಿ, ಸಾವಕಾಶವಾಗಿ ನೋಡಿ, ಆರಿಸಿದರು. "ಪರವಾಗಿಲ್ಲ, ನಿಮ್ಮ ಪಕ್ಕದ ಮನೆಯವಳು ಧೈರ್ಯವಂತೆ" ಎಂದು ಹೇಳಿ ಎದ್ದು, ಬಾಗಿಲ ಚಿಲಕ ಹಾಕಿ, ಪರದೆ ಎಳೆದರು.

ಸಕ್ಕರೆ ಕಾಯಿಲೆ ಇದೆಯೋ ಎಂದು ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಬೂಷ್ಟಿನ ಮಾತ್ರೆಯನ್ನೂ ಕ್ಯಾಪ್ಸೂಲನ್ನೂ ಬರೆದುಕೊಟ್ಟು, ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದನ್ನು ಬಿಡಿಸಿದರು. ಎರಡು ವಾರದಲ್ಲಿ ತುರಿಕೆ ನಿಂತಿತು. ಹೊಟ್ಟೆ ಹಗುರವಾಯಿತು. ಮೂರು ವರ್ಷದ ಮೇಲೆ ನಾನು ಬೆಂಚಿನ ಮೇಲೆ ನೆಮ್ಮದಿಯಾಗಿ ಕುಳಿತು ವಾರಪತ್ರಿಕೆಯ ಒಂದು ಕಥೆಯನ್ನು ಪೂರ್ತಿ ಓದಿದೆ.

ಆ ದಿನ ಡಾಕ್ಟರಮ್ಮ ಒಳಗೆ ಬರುತ್ತ, ಕಾಯುತ್ತಿದ್ದ ಎಂಟು ಹತ್ತು ಜನರ ಎದುರಿಗೇ ಕೇಳಿದರು: "ಏನಮ್ಮ, ಹೇಗಿದ್ದಾಳೆ ನಿಮ್ಮ ಪಕ್ಕದ ಮನೆಯವಳು?"

ಎಲ್ಲರೂ ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ನಾನು ನೆಲ ನೋಡುತ್ತಿದ್ದೆ. ಅಂದು ಎದ್ದು ನಿಂತು ಕೈಮುಗಿದೆ.

"ಪೂರ್ತಿ ವಾಸಿಯಾಗಿದೆ ಅಮ್ಮ. ತಾನೇ ಬಂದು ನಿಮಗೆ ನಮಸ್ಕಾರ ಹೇಳ್ಬೇಕು ಅಂತಿದ್ಲು. ಏನ್ಮಾಡೋದು, ಅವಳು ಕೆಲಸಕ್ಕಿರೋ ಕಡೆ ಒಬ್ಬರು ಡಾಕ್ಟರಮ್ಮ ಇದ್ದಾರಂತೆ, ಒಂದು ದಿನವೂ ರಜಾ ಕೊಡಲ್ಲವಂತೆ."