ಎರಡು ಐಪೀಸು, ಒಂದು ರಜೆ

ಗುಮಾಸ್ತರು ಕಣ್ಣು ಬೇನೆ ಎಂದು ರಜೆ ಹಾಕಿದ್ದು, ಅಂದು ಕಣ್ಣಿಗೆ ಕೈತುಂಬ ಕೆಲಸವಿದ್ದುದರಿಂದ.

ಅಂಗಡಿಯವನು ಹಕ್ಕಿ ನೋಡುವ ದುರ್ಬೀನಾದ ಸ್ಪಾಟಿಂಗ್ ಸ್ಕೋಪನ್ನೂ ಅದರ ಕಣ್ಣಿಡುವ ತುದಿಗೆ ಹಾಕುವ ಮಸೂರಗಳಾದ ಎರಡು ಐಪೀಸುಗಳನ್ನೂ ಕೊಟ್ಟು, "ಹಾಕಿ ನೋಡಿ ಸಾರ್. ಸಂಜೆ ಒಂದನ್ನ ವಾಪಸ್ ಕೊಡಿ" ಎಂದಿದ್ದ. ಒಂದರಲ್ಲಿ ಹಕ್ಕಿ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಬೇಗ ಸಿಗುತ್ತಿರಲಿಲ್ಲ. ಇನ್ನೊಂದರಲ್ಲಿ ತಕ್ಷಣ ಸಿಗುತ್ತಿತ್ತು, ಆದರೆ ಹಕ್ಕಿಯೋ ಹೆಂಚಿನ ಚೂರೋ ಹೇಳುವಂತಿರಲಿಲ್ಲ. ದೂರದ ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಡೇಗೆ ಹಕ್ಕಿಯೊಂದು ಗೂಡು ಮಾಡಿತ್ತು. ಅದರಲ್ಲಿ ಮರಿ ಇದೆಯೇ ಎಂಬುದಷ್ಟೇ ಅವರಿಗೆ ತಿಳಿಯಬೇಕಿತ್ತು.

ಕಚೇರಿಯಲ್ಲಿ ಅವರ ಮೇಜು ಕಿಟಕಿಯ ಪಕ್ಕ. ಆ ನೌಕರಿಯಲ್ಲಿದ್ದ ಸುಖ ಅದೊಂದೇ. "ಇನ್ನೊಂದ್ಸಲ ಸುಳ್ಳು ರಜೆ ಹಾಕಿದ್ರೆ ನಿಮ್ಮ ಮೇಜು ಕಡತದ ಕೋಣೆಗೆ" ಎಂದು ಸಾಹೇಬರು ಎಚ್ಚರಿಸಿದ್ದರು. ಕಡತದ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಹಾರುವುದೆಂದರೆ ಜಿರಲೆ.

ತಾರಸಿಯಲ್ಲಿ ಸ್ಟ್ಯಾಂಡ್ ನಿಲ್ಲಿಸುವುದರೊಳಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹತ್ತಿಬಂದರು.

"ಯಾರ ಮನೆ ನೋಡ್ತಿದ್ದೀರಿ?"

"ಹಕ್ಕಿ, ಮೇಷ್ಟ್ರೇ."

"ಸಿಕ್ಕಿಬಿದ್ದೋರೆಲ್ಲ ಹಾಗೇ ಹೇಳೋದು. ಸರೀರಿ ಈ ಕಡೆ."

ಮೇಷ್ಟ್ರು ಕಣ್ಣೊರೆಸಿಕೊಂಡು ಐಪೀಸಿಗೆ ಕಣ್ಣಿಟ್ಟರು. ಟ್ಯಾಂಕನ್ನು ಬಿಟ್ಟು ಬೀದಿಯ ಕಡೆ ತಿರುಗಿಸಿದರು. "ನಮ್ಮಳಿಯ! ಆಫೀಸಿಗೆ ಅಂತ ಹೋದವನು ಕ್ಷೌರದಂಗಡೀಲಿ ಕೂತು ಪೇಪರ್ ಓದ್ತಿದ್ದಾನಲ್ರೀ!"

ಆ ಕೂಗಿಗೆ ಕೆಳಮನೆಯ ಅಜ್ಜಿ ಮಂಡಿನೋವನ್ನು ಮರೆತು ಮೆಟ್ಟಿಲೇರಿದರು. ಮಾರ್ಕೆಟ್ಟಿನಲ್ಲಿದ್ದ ಸೊಸೆಯನ್ನು ಹುಡುಕಿ, ಬಹಳ ಹೊತ್ತು ನೋಡಿ, "ಮುಖ ಚೆನ್ನಾಗಿ ಕಾಣುತ್ತೆ. ಮಾತು ಕೇಳಲ್ಲ. ಕೇಳೋಂಥದ್ದು ಅಂಗಡೀಲಿ ಇಲ್ವೇನಪ್ಪ?" ಎಂದರು.

ಮಧ್ಯಾಹ್ನದವರೆಗೂ ಇದೇ ನಡೆಯಿತು. ನಡುನಡುವೆ ಗುಮಾಸ್ತರಿಗೂ ಸರದಿ ಸಿಗುತ್ತಿತ್ತು. ಟ್ಯಾಂಕನ್ನು ಹುಡುಕಿಕೊಳ್ಳುವಷ್ಟರಲ್ಲಿ ಸರದಿ ಮುಗಿದಿರುತ್ತಿತ್ತು.

ಅಷ್ಟರಲ್ಲಿ ಕೆಳಗಿನಿಂದ ಮೇಷ್ಟ್ರ ಹೆಂಡತಿ ಕೂಗಿದರು. "ರೀ, ಕಣ್ಣಿಗೆ ಔಷಧಿ ಬಿಟ್ಕೊಳ್ಳಿ ಬನ್ನಿ! ಅಂಟುಬೇನೆ, ಜನರ ಹತ್ರ ಹೋಗ್ಬೇಡಿ ಅಂತ ಡಾಕ್ಟ್ರು ಹೇಳಿಲ್ವಾ?"

ಗುಮಾಸ್ತರು ಐಪೀಸನ್ನು ನೋಡಿದರು. ಬೆಳಗಿನಿಂದ ಕಣ್ಣಲ್ಲಿ ಮರಳು ಸುರಿದ ಹಾಗಿದ್ದುದನ್ನು ಅವರು ಹೊಸ ಹವ್ಯಾಸದ ಶ್ರಮವೆಂದುಕೊಂಡಿದ್ದರು.

"ಬಸ್ಸಿಂದ ಯಾರೋ ಇಳಿದ್ರಪ್ಪ" ಎಂದರು ಅಜ್ಜಿ, ಸ್ಕೋಪು ಬಿಡದೆ. "ಮೂಗಿನ ಮೇಲೆ ಮಚ್ಚೆ. ಮುಖ ಹುಣಸೆಹಣ್ಣು ತಿಂದ ಹಾಗಿದೆ. ಈ ಕಡೇನೇ ಬರ್ತಿದ್ದಾರೆ."

ಆ ಮಚ್ಚೆ ಸಾಹೇಬರದು. ದೊಡ್ಡದು ಮಾಡುವ ಐಪೀಸು ಅಂಗಡಿಯವನು ಹೊಗಳಿದಷ್ಟು ಚೆನ್ನಾಗಿಯೇ ಇತ್ತು.

ಗುಮಾಸ್ತರು ಎರಡೆರಡು ಮೆಟ್ಟಿಲು ಹಾರಿ ಇಳಿದು, ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು ಮಂಚದ ಮೇಲೆ ಬಿದ್ದರು.

"ಬಟ್ಟೆ ತೆಗೀರಿ" ಎಂದಿತು ಬಾಗಿಲಲ್ಲಿ ಸಾಹೇಬರ ದನಿ.

ತೆಗೆದರು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಗುಮಾಸ್ತರ ಕಣ್ಣುಗಳು ಹೆಚ್ಚಿಟ್ಟ ಟೊಮೇಟೊ ಹಾಗಿದ್ದವು.

"ಛೆ ಛೆ, ನಿಜಾನೇ! ನಾನು ಸುಮ್ನೆ ಅನುಮಾನಪಟ್ಟೆ ಕಣ್ರೀ."

ಗುಮಾಸ್ತರು ಮನಸ್ಸಿನಲ್ಲೇ ಮೇಷ್ಟ್ರಿಗೆ ಕೈಮುಗಿದರು.

"ಈ ಕಣ್ಣಿಗೆ ಬೆಳಕು ಆಗಲ್ಲ" ಎಂದು ಸಾಹೇಬರು ಮರುಗಿದರು. "ಇನ್ನು ಕಿಟಕಿ ಪಕ್ಕ ಕೂರಲೇಬೇಡಿ. ಕಡತದ ಕೋಣೆ ತಂಪಾಗಿದೆ, ಕತ್ತಲೆ ಬೇರೆ. ಮೇಜು ಅಲ್ಲಿಗೆ ಹಾಕಿಸ್ತೀನಿ. ಇನ್ಮೇಲೆ ಅದೇ ನಿಮ್ಮ ಜಾಗ."

"ಸಾರ್, ನನಗೇನೂ ಆಗಿಲ್ಲ! ಇದು ಸುಳ್ಳು ರಜೆ ಸಾರ್, ಆಣೆ ಮಾಡಿ ಹೇಳ್ತೀನಿ!"

"ಇಷ್ಟು ಬೇನೇಲೂ ಕೆಲಸಕ್ಕೆ ಬರೋ ಆಸೆ ನೋಡಿ" ಎಂದು ಸಾಹೇಬರು ಗದ್ಗದಿತರಾಗಿ, ಕೈ ಮುಟ್ಟದೆ ದೂರದಿಂದಲೇ ನಮಸ್ಕಾರ ಮಾಡಿ ಹೊರಟರು.

ಗುಮಾಸ್ತರ ಹೆಂಡತಿ ಒಳಗಿನಿಂದ ಕೇಳಿದರು. "ಅಂಗಡಿಯವನು ಫೋನ್ ಮಾಡಿದ್ದಾನೆ. ಯಾವುದನ್ನ ವಾಪಸ್ ಕೊಡೋದಂತೆ?"

ಉತ್ತರ ಹೇಳುವ ಮೊದಲೇ ತಾರಸಿಯಿಂದ ಮೇಷ್ಟ್ರ ದನಿ ಬಂತು. "ರೀ, ಗೂಡಲ್ಲಿ ಮರಿ ಇದೆ ಕಣ್ರೀ! ಕತ್ತು ಚಾಚ್ತಿದೆ! ಓಡಿ ಬನ್ನಿ!"

ಗುಮಾಸ್ತರು ಎದ್ದು ಕೂತು ಕಣ್ಣು ತೆರೆಯಲು ನೋಡಿದರು. ರೆಪ್ಪೆಗಳು ಅಂಟಿಕೊಂಡಿದ್ದವು.